ಹಳೆಯ ಅಮೆರಿಕನ್ ಗಾಡಿ: ಎಂಜಿನ್‌ಗಿಂತ ಮೊದಲು ತಳ ನೋಡಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಹಳೆಯ ಅಮೆರಿಕನ್ ಕಾರುಗಳ ಮಾರುಕಟ್ಟೆಯ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಹರಾಜಿನ ವೇದಿಕೆಯ ಮೇಲೆ ಮಿನುಗುವ ಕಾರುಗಳ ವರ್ಣನೆ ಸೊಗಸಾಗಿಯೇ ಇತ್ತು. ಆದರೆ ಅಮೆರಿಕದ ಯಾವುದೋ ಹೊಲದ ಕೊಟ್ಟಿಗೆಯಲ್ಲಿ ನಿಂತಿರುವ ಗಾಡಿಯನ್ನು ಅಗ್ಗಕ್ಕೆ ಕೊಂಡು, ರಿಪೇರಿ ಮಾಡಿಸಿ ಮಾರಿದರೆ ಲಾಭ ಖಚಿತ ಎಂಬರ್ಥದ ಮಾತು ಅದರ ಕೊನೆಯಲ್ಲಿ ಬಂದಿದೆ. ಅಲ್ಲಿ ನೆಲೆಸಿರುವ ತಮ್ಮ ಓದುಗರಲ್ಲಿ ಯಾರಾದರೂ ಇದನ್ನು ನಂಬಿ ಹಣ ಹೂಡಿಯಾರು ಎಂಬ ಕಾರಣಕ್ಕೆ ಈ ಪತ್ರ.

ಅಲ್ಲಿನ ಮಾರಾಟದ ಜಾಹೀರಾತುಗಳಲ್ಲಿ ‘ಪ್ರಾಜೆಕ್ಟ್’ ಮತ್ತು ‘ಸರ್ವೈವರ್’ ಎಂಬ ಎರಡು ಬಗೆಯ ಗಾಡಿಗಳು ಕಾಣುತ್ತವೆ. ಲೇಖನ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆ. ಪ್ರಾಜೆಕ್ಟ್ ಎಂದರೆ ಕೆಲಸ ಬಾಕಿ ಇರುವ, ಕೆಲವೊಮ್ಮೆ ಅರ್ಧ ಬಿಚ್ಚಿಟ್ಟ, ಭಾಗಗಳು ಡಬ್ಬಗಳಲ್ಲಿ ತುಂಬಿರುವ ಗಾಡಿ. ಸರ್ವೈವರ್ ಎಂದರೆ ಕಾರ್ಖಾನೆಯಲ್ಲಿ ಬಳಿದ ಬಣ್ಣ, ಹಾಕಿದ ಸೀಟಿನ ಬಟ್ಟೆ, ಕೂರಿಸಿದ ಎಂಜಿನ್ ಬಹುಮಟ್ಟಿಗೆ ಹಾಗೆಯೇ ಉಳಿದು ಬಂದ ಗಾಡಿ. 1935ರಲ್ಲಿ ಸ್ಥಾಪನೆಯಾದ ಆಂಟಿಕ್ ಆಟೋಮೊಬೈಲ್ ಕ್ಲಬ್ ಆಫ್ ಅಮೆರಿಕ ಇಂಥ ಮೂಲ ರೂಪದ ವಾಹನಗಳಿಗೆ ಪ್ರತ್ಯೇಕ ವರ್ಗವನ್ನೇ ಇಟ್ಟಿದೆ. ಬರೀ ರಿಪೇರಿ ಕಾಣದೆ ಕೊಳೆತದ್ದನ್ನೂ ಸರ್ವೈವರ್ ಎಂದು ಮಾರುವವರಿಗೆ ಮಾತ್ರ ಬರವಿಲ್ಲ.

ಕೊಟ್ಟಿಗೆಯ ನಿಧಿಯ ಕಥೆ ಹೇಳುವವರೆಲ್ಲ ನೆಬ್ರಾಸ್ಕದ ಪಿಯರ್ಸ್ ಎಂಬ ಪುಟ್ಟ ಊರಿನಲ್ಲಿ 2013ರ ಸೆಪ್ಟೆಂಬರ್‌ನಲ್ಲಿ ನಡೆದ ಹರಾಜನ್ನು ನೆನೆಯುತ್ತಾರೆ. ಮುಚ್ಚಿಹೋಗಿದ್ದ ಲ್ಯಾಂಬ್ರೆಕ್ಟ್ ಶೆವ್ರೊಲೆ ಎಂಬ ಕಾರು ಮಾರಾಟ ಮಳಿಗೆಯವರು ದಶಕಗಳಿಂದ ಉಳಿಸಿಕೊಂಡಿದ್ದ ಸುಮಾರು 500 ಗಾಡಿಗಳು ಅಲ್ಲಿ ಹರಾಜಾದವು, ಕೇವಲ 1.3 ಮೈಲಿ ಓಡಿದ್ದ 1958ರ ಶೆವ್ರೊಲೆ ಕ್ಯಾಮಿಯೊ ಪಿಕಪ್ ಒಂದಕ್ಕೆ 1,40,000 ಡಾಲರ್ ಬಂತು. ಆದರೆ ಅಲ್ಲಿದ್ದ ಗಾಡಿಗಳಲ್ಲಿ ಹೆಚ್ಚಿನವು ಬಯಲಿನಲ್ಲಿ ಮಳೆ, ಹಿಮಗಳಿಗೆ ಮೈಯೊಡ್ಡಿ ನಿಂತಿದ್ದವು ಎಂಬುದನ್ನು ಯಾರೂ ಹೇಳುವುದಿಲ್ಲ. ಮುಚ್ಚಿಟ್ಟ ಮಾತ್ರಕ್ಕೂ ಗಾಡಿ ಉಳಿಯುವುದಿಲ್ಲ. ಓಕ್ಲಹೋಮದ ಟಲ್ಸಾ ನಗರದವರು 1957ರಲ್ಲಿ ಹೊಚ್ಚಹೊಸ ಪ್ಲಿಮತ್ ಬೆಲ್ವೆಡೇರ್ ಕಾರೊಂದನ್ನು ಐವತ್ತು ವರ್ಷಗಳ ಬಳಿಕ ತೆಗೆಯಲೆಂದು ಕಾಂಕ್ರೀಟ್ ಕೋಣೆಯಲ್ಲಿಟ್ಟು ನೆಲದಡಿ ಹೂತಿದ್ದರು. 2007ರಲ್ಲಿ ತೆಗೆದಾಗ ಒಳಗೆ ನೀರು ನುಗ್ಗಿ, ಕಾರು ತುಕ್ಕಿನ ಮುದ್ದೆಯಾಗಿತ್ತು.

ತುಕ್ಕೇ ಈ ವ್ಯವಹಾರದ ನಿಜವಾದ ಬೆಲೆಯನ್ನು ನಿರ್ಧರಿಸುತ್ತದೆ. ಮಿಷಿಗನ್, ಒಹಾಯೊ, ನ್ಯೂಯಾರ್ಕ್‌ನಂಥ ಹಿಮದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಗಾಡಿಯ ತಳವನ್ನು ತಿಂದುಹಾಕುತ್ತದೆ. ಅರಿಜೋನ, ನ್ಯೂ ಮೆಕ್ಸಿಕೊಗಳ ಒಣಹವೆಯಲ್ಲಿ ತಗಡು ಗಟ್ಟಿಯಾಗಿ ಉಳಿದರೂ ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರಿದು, ಸೀಟುಗಳು ಹರಿದಿರುತ್ತವೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಬಿರಿದ ಡ್ಯಾಶ್‌ಬೋರ್ಡಿನ ಗಾಡಿಯೇ ಮೇಲು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ, ಏಕೆಂದರೆ ಸೀಟು ಹೊಲಿಯುವುದಕ್ಕೂ ಕೊಳೆತ ತಳವನ್ನು ಕತ್ತರಿಸಿ, ಅಳತೆ ತಪ್ಪದಂತೆ ಹೊಸ ತಗಡು ಬೆಸೆಯುವುದಕ್ಕೂ ತಗಲುವ ಖರ್ಚಿಗೆ ಹೋಲಿಕೆಯೇ ಇಲ್ಲ. 1960ರ ದಶಕದ ಫೋರ್ಡ್ ಮಸ್ಟಾಂಗ್‌ನಲ್ಲಿ ಮುಂಗಾಜಿನ ಕೆಳಗಿರುವ, ಜಾಲರಿ ಹೊದಿಸಿದ ಕೌಲ್ ಎಂಬ ಭಾಗ ಹಲವು ಸಲ ಒಳಗಿಂದೊಳಗೇ ತೂತಾಗಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆ ಜಾಲರಿಯ ಮೇಲೆ ಒಂದಿಷ್ಟು ನೀರು ಸುರಿದು, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ತೊಟ್ಟಿಕ್ಕುತ್ತದೆಯೇ ಎಂದು ನೋಡಿದರೆ ಗುಟ್ಟು ಬಯಲಾಗುತ್ತದೆ. ತೂತು ಮುಚ್ಚಲು ಬಣ್ಣದಡಿ ಮೆತ್ತಿದ ಪುಟ್ಟಿಯನ್ನು ಪತ್ತೆ ಮಾಡಲು ಅಯಸ್ಕಾಂತ ಸಾಕು, ಪುಟ್ಟಿ ಇರುವಲ್ಲಿ ಅದು ಹಿಡಿಯುವುದಿಲ್ಲ. ಮಾರುವವನು ಎಂಜಿನ್ ಚಾಲೂ ಮಾಡಿ ತೋರಿಸಲು ಆತುರಪಡುತ್ತಾನೆ. ಕೊಳ್ಳುವವನು ಮೊದಲು ಗಾಡಿಯ ಅಡಿಗೆ ಮಲಗಿ ನೋಡಬೇಕು. ಶೆವ್ರೊಲೆಯ ಸಾಮಾನ್ಯ ವಿ8 (ಎಂಟು ಸಿಲಿಂಡರಿನ) ಎಂಜಿನ್ ಎಲ್ಲೆಡೆ ಸಿಗುತ್ತದೆ, ನೆಟ್ಟಗಿರುವ ಚಾಸಿಸ್, ಅಂದರೆ ತಳದ ಚೌಕಟ್ಟು, ಸಿಗುವುದು ಕಷ್ಟ.

ಗಾಡಿಯ ಹೆಸರೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಮಸ್ಟಾಂಗ್, ಶೆವ್ರೊಲೆ ಕಮಾರೊಗಳ ಇಡೀ ಮೈಕವಚವೇ ಇಂದು ಹೊಸದಾಗಿ ತಯಾರಾಗಿ ಮಾರಾಟವಾಗುತ್ತಿದೆ. 1966ರಲ್ಲಿ ಉತ್ಪಾದನೆ ನಿಲ್ಲಿಸಿದ ಸ್ಟೂಡಿಬೇಕರ್ ಅಥವಾ ಅದಕ್ಕೂ ಮೊದಲೇ ಕಣ್ಮರೆಯಾದ ಡಿಸೋಟೊ ಕೊಂಡವನಿಗೆ ಆ ಭಾಗ್ಯವಿಲ್ಲ. ಕಳೆದುಹೋದ ಒಂದು ಕ್ರೋಮ್ ಪಟ್ಟಿಗಾಗಿ ಅವನು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಸೇರುವ ಬಿಡಿಭಾಗಗಳ ಸಂತೆಯನ್ನು ಸುತ್ತಬೇಕಾದೀತು.

ಟ್ರಕ್ಕುಗಳನ್ನು ಲೇಖನ ಮರೆತೇಬಿಟ್ಟಿದೆ. ಅವು ದುಡಿಮೆಯ ಗಾಡಿಗಳಾದ್ದರಿಂದ ಯಾರೂ ಜೋಪಾನ ಮಾಡಲಿಲ್ಲ. ಹಾಗಾಗಿಯೇ ಮೂಲ ಬಣ್ಣ ಉಳಿದ, ಬಾಗಿಲ ಮೇಲೆ ಹಳೆಯ ಮಾಲೀಕನ ಹೆಸರು ಮಾಸಲಾಗಿ ಕಾಣುವ 1950ರ ದಶಕದ ಪಿಕಪ್‌ಗೆ ನನ್ನ ದೃಷ್ಟಿಯಲ್ಲಿ ಚಾವಣಿ ಮಡಚುವ, ಹೊಳೆಯುವ ಯಾವ ಕನ್ವರ್ಟಿಬಲ್‌ಗಿಂತಲೂ ಹೆಚ್ಚಿನ ಬೆಲೆಯಿದೆ. ಸುಗ್ಗಿಯಲ್ಲಷ್ಟೇ ಓಡುತ್ತಿದ್ದ ಧಾನ್ಯ ಸಾಗಿಸುವ ದೊಡ್ಡ ಟ್ರಕ್ಕುಗಳು ಕಡಿಮೆ ಮೈಲಿಗಳೊಂದಿಗೆ ಸಿಗುತ್ತವೆ. ಅಂಥವುಗಳ ಚಕ್ರಗಳಲ್ಲಿ ಎರಡು ತುಂಡಿನ ರಿಮ್‌ಗಳಿದ್ದರೆ ಬಹಳ ಎಚ್ಚರಿಕೆ ಬೇಕು. ಗಾಳಿ ತುಂಬುವಾಗ ಅವು ಸಿಡಿದು ಜೀವ ತೆಗೆದದ್ದುಂಟು. ಅನೇಕ ಟೈರ್ ಅಂಗಡಿಯವರು ಅವನ್ನು ಮುಟ್ಟುವುದೇ ಇಲ್ಲ.

ಕಾಗದಪತ್ರಗಳ ವಿಷಯದಲ್ಲಿ ಉದಾಸೀನ ಮಾಡಿದವರು ಹಣ, ಗಾಡಿ ಎರಡನ್ನೂ ಕಳೆದುಕೊಳ್ಳುತ್ತಾರೆ. ಮಾಲೀಕತ್ವದ ಟೈಟಲ್‌ನಲ್ಲಿರುವ ಸಂಖ್ಯೆ ಗಾಡಿಯ ಮೇಲಿನ ಸಂಖ್ಯೆಗೆ ಅಕ್ಷರಶಃ ತಾಳೆಯಾಗಬೇಕು. 17 ಅಂಕಿ-ಅಕ್ಷರಗಳ ಏಕರೂಪದ ಗುರುತು ಸಂಖ್ಯೆ ಬಂದದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದೆ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಮೈಲಿ ತೋರಿಸುವ ಮೀಟರು ಆ ಕಾಲದ ಗಾಡಿಗಳಲ್ಲಿ ಸಾಮಾನ್ಯವಾಗಿ 99,999 ದಾಟಿದೊಡನೆ ಸೊನ್ನೆಗೆ ಮರಳುತ್ತಿತ್ತು. ಹಾಗಾಗಿ 43,000 ಎಂದು ತೋರುವ ಗಾಡಿ 1,43,000 ಮೈಲಿ ಓಡಿರಬಹುದು. ನಿಜವಾದ ಸರ್ವೈವರ್‌ಗೆ ಹಳೆಯ ಸರ್ವಿಸ್ ಚೀಟಿಗಳು, ಸವೆಯದ ಪೆಡಲ್ ರಬ್ಬರು, ಕದಲದ ಸ್ಕ್ರೂಗಳು ಸಾಕ್ಷಿ ನುಡಿಯುತ್ತವೆ. ಹೊಗೆ ತಪಾಸಣೆಯ ನಿಯಮವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ವಿನಾಯಿತಿ ಇದೆ, 1976ರದ್ದಕ್ಕೆ ಇಲ್ಲ. ಒಂದೇ ವರ್ಷದ ಅಂತರ ಎಂದು ಕೊಂಡವರು ಪೇಚಿಗೆ ಸಿಲುಕುತ್ತಾರೆ.

ಕೊಟ್ಟಿಗೆಯಲ್ಲಿ ನಿಂತ ಗಾಡಿಯೊಳಗೆ ಇಲಿಗಳು ಗೂಡು ಕಟ್ಟಿರುವುದು ಸಾಮಾನ್ಯ. ಅಮೆರಿಕದ ನೈರುತ್ಯ ಭಾಗದಲ್ಲಿ 1993ರಲ್ಲಿ ಪತ್ತೆಯಾದ ಹಂಟಾವೈರಸ್ ಕಾಯಿಲೆ ಇಂಥ ಇಲಿಗಳ ಹಿಕ್ಕೆ, ಮೂತ್ರ ಬೆರೆತ ಧೂಳಿನ ಮೂಲಕವೇ ಹರಡುತ್ತದೆ. ಆದ್ದರಿಂದ ಗೂಡನ್ನು ಪೊರಕೆಯಿಂದ ಗುಡಿಸದೆ, ಬ್ಲೀಚ್ ನೀರಿನಲ್ಲಿ ಚೆನ್ನಾಗಿ ನೆನೆಸಿ, ಕೈಗವಸು ಹಾಕಿಕೊಂಡು ತೆಗೆಯಬೇಕು. ಬ್ರೇಕಿನ ವಿಷಯವೂ ಅಷ್ಟೇ ಗಂಭೀರ. 1967ಕ್ಕಿಂತ ಹಿಂದಿನ ಬಹುತೇಕ ಅಮೆರಿಕನ್ ಗಾಡಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದ್ರವದ ವ್ಯವಸ್ಥೆ ಇರುವುದರಿಂದ, ಒಂದು ಕೊಳವೆ ಒಡೆದರೂ ಕಾಲಡಿಯ ಬ್ರೇಕು ಪೂರ್ತಿ ಕೈಕೊಡುತ್ತದೆ.

ತಮ್ಮ ಲೇಖಕರು ಇದೇ ವಿಷಯದ ಮೇಲೆ ಮತ್ತೆ ಬರೆಯುವುದಾದರೆ, ಗಾಡಿಯ ಖರೀದಿ ಬೆಲೆಯ ಜೊತೆಗೆ ತಗಡು, ಬಣ್ಣ, ಕ್ರೋಮ್, ಸೀಟುಗಳಿಗೆ ತಗುಲಿದ ಖರ್ಚಿನ ಪೂರ್ತಿ ಲೆಕ್ಕವನ್ನು ಯಾರಾದರೂ ಒಬ್ಬ ಮಾಲೀಕರಿಂದ ಪಡೆದು ಪ್ರಕಟಿಸಲಿ ಎಂದು ಕೋರುತ್ತೇನೆ. ಅಪ್ಪಟ ಸರ್ವೈವರ್ ಕೈಗೆ ಸಿಕ್ಕವರು ಅದಕ್ಕೆ ಹೊಸ ಬಣ್ಣ ಬಳಿಸುವ ಮುನ್ನ ಬಲ್ಲವರೊಬ್ಬರಿಗೆ ತೋರಿಸಬೇಕೆಂಬ ಮಾತನ್ನೂ ಅದರಲ್ಲಿ ಸೇರಿಸಿದರೆ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಹಳೆಯ ವಾಹನಗಳ ಆಸಕ್ತ ಓದುಗ