ಹೆಚ್ಚುವರಿ ತರಗತಿ ಕನ್ನಡದಲ್ಲೇ ನಡೆಯಲಿ

ಮಾನ್ಯ ಸಂಪಾದಕರೇ,

ಎಂಟನೇ ತರಗತಿಯಲ್ಲಿ ಪ್ರತಿ ವಿಷಯದ ಲಿಖಿತ ಪರೀಕ್ಷೆಗೆ ಕನಿಷ್ಠ ಶೇ 30 ಅಂಕ ಬೇಕೆಂಬ ನಿಯಮವನ್ನು ಕೇರಳ ಸರಕಾರ 2024-25ರಲ್ಲಿ ತಂದಿತು. ಅಷ್ಟು ಅಂಕ ಬಾರದ ಮಕ್ಕಳಿಗೆ ಹೆಚ್ಚುವರಿ ತರಗತಿ ನಡೆಸಿ ಮತ್ತೆ ಪರೀಕ್ಷೆ ಮಾಡುತ್ತಾರೆ. ಓದಲು ಬಾರದ ಮಗುವನ್ನು ಮುಂದಿನ ತರಗತಿಗೆ ದಾಟಿಸಿ ಕೈತೊಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳ ಕಥೆ ಬೇರೆ. ಕನ್ನಡ ಅರಿಯದವರು ಕನ್ನಡ ಮಾಧ್ಯಮದ ಹುದ್ದೆಗೇ ನೇಮಕಗೊಂಡು, ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಇಳಿದ ಪ್ರಸಂಗಗಳು ಒಂದೆರಡಲ್ಲ. ಗಣಿತದ ಮಾಷ್ಟ್ರು ಆಡುವ ಮಾತೇ ತಿಳಿಯದಿದ್ದರೆ ಭಿನ್ನರಾಶಿ ತಿಳಿಯುವುದು ಹೇಗೆ? ಅಂಥ ಮಗುವನ್ನು ಹಿಂದುಳಿದವರ ಪಟ್ಟಿಗೆ ಸೇರಿಸುವುದು ಅನ್ಯಾಯ. ನಮ್ಮ ಎಷ್ಟೋ ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮರಾಠಿ. ಕನ್ನಡವನ್ನೇ ಅವರು ಶಾಲೆಗೆ ಬಂದು ಕಲಿಯುತ್ತಾರೆ. ಅದರ ಮೇಲೆ ಇನ್ನೊಂದು ಗೋಡೆ ಬೇಡ.

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಲೋಕಸೇವಾ ಆಯೋಗ ನೇಮಕಾತಿಯ ವೇಳೆ ಅಭ್ಯರ್ಥಿಗಳ ಕನ್ನಡ ಜ್ಞಾನವನ್ನು ಕಣ್ಣೊರೆಸುವ ತಂತ್ರವಾಗಿಸದೆ ನಿಜವಾಗಿ ಪರೀಕ್ಷಿಸಲಿ. ಹೆಚ್ಚುವರಿ ತರಗತಿಗೆ ಬೇಕಾದ ಅಭ್ಯಾಸ ಹಾಳೆಗಳನ್ನು ಮಾಯಿಪ್ಪಾಡಿಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಕನ್ನಡದಲ್ಲಿ ಸಿದ್ಧಪಡಿಸಿ, ಮಾರ್ಚ್ ಮುಗಿಯುವ ಮೊದಲೇ ಶಾಲೆಗಳಿಗೆ ತಲುಪಿಸಲಿ. ಫಲಿತಾಂಶ ಕುಸಿದ ಶಾಲೆಗಳಲ್ಲಿ ಕನ್ನಡ ಬಲ್ಲ ಶಿಕ್ಷಕರ ಯಾವ ಹುದ್ದೆ ಖಾಲಿ ಇದೆಯೆಂದು ಶಿಕ್ಷಣ ಇಲಾಖೆ ಮೊದಲು ನೋಡಿ, ಜೂನ್‌ನಲ್ಲಿ ಶಾಲೆ ತೆರೆಯುವುದರೊಳಗೆ ಅದನ್ನು ತುಂಬಬೇಕು.

— ನಿವೃತ್ತ ಶಿಕ್ಷಕಿ, ಬದಿಯಡ್ಕ