ಗ್ರಾಮಸಭೆಯೂ ಪಾಠವಾಗಲಿ

ಮಾನ್ಯರೇ,

ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಭೂಗೋಳ ಮೊದಲಾದ ಆರು ವಿಭಾಗಗಳನ್ನು ಒಂದೇ ಪ್ರಶ್ನೆಪತ್ರಿಕೆಗೆ ಹೊಂದಿಸಬೇಕಾಗಿರುವುದರಿಂದ, ಇತಿಹಾಸವು ಇಸವಿಗಳ ಕಂಠಪಾಠಕ್ಕೂ ರಾಜ್ಯಶಾಸ್ತ್ರವು ವ್ಯಾಖ್ಯೆಗಳ ಪಟ್ಟಿಗೂ ಇಳಿದುಬಿಡುತ್ತಿದೆ. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾದದ್ದನ್ನು, 1938ರಲ್ಲಿ ವಿದುರಾಶ್ವತ್ಥದಲ್ಲಿ ಸೇರಿದ್ದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ್ದನ್ನು, 1942ರಲ್ಲಿ ಈಸೂರಿನ ಜನ ತಮ್ಮ ಊರನ್ನೇ ಸ್ವತಂತ್ರವೆಂದು ಸಾರಿದ್ದನ್ನು ಇಂದಿನ ಗ್ರಾಮಸಭೆಯೊಂದಿಗೆ ಜೋಡಿಸಿ ಹೇಳಿದರೆ, ಆಳ್ವಿಕೆಯೆಂಬುದು ದೂರದ ವಿಧಾನಸೌಧದ ಸಂಗತಿ ಮಾತ್ರವಲ್ಲವೆಂದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ. ಮಕ್ಕಳ ಗ್ರಾಮಸಭೆ ನಾನು ಕಂಡ ಕಡೆ ಭಾಷಣಗಳಲ್ಲೇ ಮುಗಿದುಹೋಗಿದ್ದು ನೋವಿನ ಸಂಗತಿ. ಅಲ್ಲಿ ವಿದ್ಯಾರ್ಥಿಯೊಬ್ಬಳು ಶೌಚಾಲಯದ ಬಗ್ಗೆ ಪ್ರಶ್ನೆ ಕೇಳಿ, ಪಂಚಾಯಿತಿಯಿಂದ ಲಿಖಿತ ಉತ್ತರ ಪಡೆದು ತಂದರೆ, ಆ ಕೆಲಸವನ್ನೂ ಆಂತರಿಕ ಮೌಲ್ಯಮಾಪನದಲ್ಲಿ ಪರಿಗಣಿಸಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ಒಬ್ಬ ಪೋಷಕ, ಶಿಕಾರಿಪುರ