ಗಾಜಿನ ಟ್ಯೂಬ್ ಕಾಯೋಕೆ ಹೇಳಿದ ಸಿಸ್ಟರ್‌ಗೆ

ಮೊನ್ನೆ ಇಂಟರ್ನ್‌ಶಿಪ್ ಮುಗೀತು. ಯಾಕೆ ಡಾಕ್ಟರ್ ಆಗಬೇಕು ಅನ್ನಿಸ್ತು ಅಂತ ತುಂಬಾ ಜನ ಕೇಳಿದ್ದಾರೆ. ಉತ್ತರ ಹೇಳಬೇಕಾದರೆ ಕೆಲವರಿಗೆ ಥ್ಯಾಂಕ್ಸ್ ಹೇಳದೆ ಆಗಲ್ಲ.

2012ರ ನವೆಂಬರ್. ನಾನು ಏಳನೇ ಕ್ಲಾಸ್. ಹಾವೇರಿ ಕಡೆ ನಮ್ಮೂರಲ್ಲಿ ಭತ್ತ ಕೊಯ್ಯುವಾಗ ಅಪ್ಪನ ಕಾಲಿಗೆ ಕೊಳಕುಮಂಡಲ ಹಾವು ಕಚ್ಚಿತು. ಯಾರೋ ಬಿಗಿಯಾಗಿ ಹಗ್ಗ ಕಟ್ಟಿದರು, ಇನ್ಯಾರೋ ಮಂತ್ರ ಹಾಕಿಸೋಣ ಅಂದರು, ಅಷ್ಟರಲ್ಲೇ ಒಂದು ಗಂಟೆ ಹೋಯಿತು. ಕೊನೆಗೆ ಪಕ್ಕದ ಮನೆ ಅಣ್ಣ ಯಾರ ಮಾತೂ ಕೇಳದೆ ಅಪ್ಪನನ್ನು ಬೈಕಿನಲ್ಲಿ ಕೂರಿಸಿ ಆಸ್ಪತ್ರೆಗೆ ಹೊರಟೇಬಿಟ್ಟ. ಹಿಂದೆ ಅಪ್ಪನನ್ನು ಹಿಡಿದುಕೊಂಡು ನಾನು. ಅಣ್ಣ, ಮೊದಲ ಥ್ಯಾಂಕ್ಸ್ ನಿನಗೇ.

ಆಸ್ಪತ್ರೆಯಲ್ಲಿ ಸಿಸ್ಟರ್ ಸ್ವಲ್ಪ ರಕ್ತ ತೆಗೆದು, ಹೊಸ ಗಾಜಿನ ಟ್ಯೂಬಿಗೆ ಹಾಕಿ, ಕಿಟಕಿ ಕಟ್ಟೆ ಮೇಲೆ ನಿಲ್ಲಿಸಿದರು. ಅಳುತ್ತಿದ್ದ ನನ್ನನ್ನು ಕರೆದು, "ಇದನ್ನ ಯಾರೂ ಅಲ್ಲಾಡಿಸಬಾರದು. 20 ನಿಮಿಷ ನೀನೇ ಕಾಯಬೇಕು" ಅಂದರು. ಗಡಿಯಾರ ನೋಡ್ತಾ ನಿಂತೆ. ಅಳು ನಿಂತಿತು. 20 ನಿಮಿಷ ಆದಮೇಲೆ ಅವರು ಟ್ಯೂಬ್ ಓರೆ ಮಾಡಿದರೆ ರಕ್ತ ನೀರಿನ ಹಾಗೆ ಹರಿಯಿತು. ಹೆಪ್ಪುಗಟ್ಟಿರಲಿಲ್ಲ, ಅಂದರೆ ವಿಷ ರಕ್ತಕ್ಕೆ ಏರಿತ್ತು. ತಕ್ಷಣ ವಿಷದ ಔಷಧಿ ಶುರುವಾಯಿತು. ಆರು ಗಂಟೆಗೊಮ್ಮೆ ಮತ್ತೆ ಅದೇ ಪರೀಕ್ಷೆ, ಪ್ರತಿ ಸಲ ನಾನೇ ಕಾವಲು. ಮರುದಿನ ಬೆಳಗ್ಗೆ ಟ್ಯೂಬ್ ಓರೆ ಮಾಡಿದಾಗ ರಕ್ತ ಅಲ್ಲಾಡಲಿಲ್ಲ. "ನೋಡು, ಗಟ್ಟಿಯಾಗಿದೆ" ಅಂತ ಮೊದಲು ತೋರಿಸಿದ್ದು ನನಗೆ. ಡಾಕ್ಟರ್ ಆಗಬೇಕು ಅನ್ನಿಸಿದ್ದು ಆ ಬೆಳಗ್ಗೆಯೇ.

ಆಮೇಲೆ ಕಿಡ್ನಿ ಕೆಟ್ಟು ಹುಬ್ಬಳ್ಳಿಯಲ್ಲಿ ನಾಲ್ಕು ಸಲ ಡಯಾಲಿಸಿಸ್ ಆಯಿತು. ಅಪ್ಪ ಉಳಿದರು.

ಆ ಟ್ಯೂಬ್ ಯಾಕೆ ಗಾಜಿನದೇ ಇರಬೇಕು ಅಂತ ಗೊತ್ತಾಗಿದ್ದು ಕಾಲೇಜಿಗೆ ಬಂದಮೇಲೆ. ಗಾಜು ತಾಗಿದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಪ್ಲಾಸ್ಟಿಕ್ಕಾದರೆ, ಇಲ್ಲಾ ಸೋಪಿನಲ್ಲಿ ತೊಳೆದದ್ದಾದರೆ, ಪರೀಕ್ಷೆಯನ್ನು ನಂಬೋ ಹಾಗಿಲ್ಲ. ಅಷ್ಟು ಗಡಿಬಿಡಿಯಲ್ಲೂ ಸಿಸ್ಟರ್ ಹೊಸ ಟ್ಯೂಬನ್ನೇ ಹುಡುಕಿ ತಂದಿದ್ದರು ಅಲ್ವಾ!

ಇನ್ನೊಂದು ವಿಷಯ. ಹಾವಿನ ವಿಷಕ್ಕೆ ಕೊಡೋ ಈ ಔಷಧಿ ತಯಾರಾಗೋದು, ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿದ ಕುದುರೆಗಳ ರಕ್ತದಿಂದ. ಅದಕ್ಕೆ ಬೇಕಾದ ಹಾವಿನ ವಿಷದಲ್ಲಿ ಹೆಚ್ಚಿನ ಪಾಲು ಬರೋದು ತಮಿಳುನಾಡಿನಲ್ಲಿ ಹಾವು ಹಿಡಿಯೋ ಬುಡಕಟ್ಟಿನವರಾದ ಇರುಳರ ಸಹಕಾರ ಸಂಘದಿಂದ, ಆ ಸಂಘ ಶುರುವಾಗಿದ್ದು 1978ರಲ್ಲಿ. ನಾವು ಯಾರು ಅಂತ ಅವರಿಗೆ ಗೊತ್ತಿಲ್ಲ. ಆದರೂ ಅವರ ಋಣ ನಮ್ಮ ಮನೆಯ ಮೇಲಿದೆ.

ನೀಟ್ ಮೊದಲ ಸಲ ಕೈಕೊಟ್ಟಾಗ "ಇನ್ನೊಂದು ವರ್ಷ ಓದು, ಹೊಲದ ಕೆಲಸ ನಾ ನೋಡ್ಕೋತೀನಿ" ಅಂದ ಅವ್ವನಿಗೆ ಏನು ಹೇಳಲಿ, ಗೊತ್ತಾಗ್ತಿಲ್ಲ.

ಆ ಸಿಸ್ಟರ್‌ನ ಹುಡುಕಿಕೊಂಡು ಹೋಗಿದ್ದೆ. ಎಂದೋ ವರ್ಗವಾಗಿ ಹೋಗಿದ್ದಾರಂತೆ. 2012ರಲ್ಲಿ ಹಾವೇರಿ ಕಡೆ ಕೆಲಸ ಮಾಡಿದವರು ಯಾರಾದರೂ ಇದನ್ನು ಓದಿದರೆ ಅವರಿಗೆ ಮುಟ್ಟಿಸಿ. ಅಪ್ಪ ಈ ವರ್ಷವೂ ಭತ್ತ ಕೊಯ್ದರು ಅಂತ ಹೇಳಿ. ಗಮ್‌ಬೂಟ್ ಹಾಕ್ಕೊಂಡು.